ಮಣ್ಣೆತ್ತು ಮಾಡುವ ಕೈಗೆ ಪೆನ್ಸಿಲಿನ ಅವಸರವೇಕೆ?

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯೂ ಸೇರಿದಂತೆ ಈ ಸೀಮೆಯ ಊರೂರುಗಳಲ್ಲಿ ಅಂದು ಮಕ್ಕಳ ಕೈಯೆಲ್ಲ ಎರೆಮಣ್ಣು. ನಾದಿದ ಮಣ್ಣಿನ ಮುದ್ದೆಯಿಂದ ಎತ್ತಿನ ಮೈ, ಅದಕ್ಕೆ ನಾಲ್ಕು ಕಾಲು, ಒಂದು ಇಣಿ, ಎರಡು ಕೋಡು. ಕಣ್ಣಿಗೆ ಗುಲಗಂಜಿಯೋ ಜೋಳದ ಕಾಳೋ. ಒಂದು ಕಾಲು ಗಿಡ್ಡವಾದರೆ ಎತ್ತು ನಿಲ್ಲುವುದಿಲ್ಲ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬಿದ್ದ ಎತ್ತೇ ಹೇಳುತ್ತದೆ. ಮಗು ಇನ್ನಷ್ಟು ಮಣ್ಣು ಮೆತ್ತುತ್ತದೆ, ಮತ್ತೆ ನಿಲ್ಲಿಸಿ ನೋಡುತ್ತದೆ.

ಹಬ್ಬ ಮುಗಿದ ಮೇಲೆ ಅದೇ ಮಗು ಅಂಗನವಾಡಿಯಲ್ಲಿ ಮಣ್ಣು ಹಿಡಿದು ಕುಳಿತರೆ ಮಾತ್ರ ಮನೆಯವರಿಗೆ ಅಸಮಾಧಾನ. ‘ಅಲ್ಲೇನ ಕಲಸ್ತಾರ್ರೀ, ಬರೇ ಆಡಸ್ತಾರ’ ಎಂಬ ಮಾತು ಹಳ್ಳಿಯ ಕಟ್ಟೆಗಳ ಮೇಲೆ ಹೊಸದೇನಲ್ಲ. ಪಟ್ಟಣದ ಶಾಲೆಯ ವ್ಯಾನು ಊರ ಬಾಗಿಲಿಗೆ ಬರತೊಡಗಿದ ಮೇಲಂತೂ ಮೂರೂವರೆ ವರ್ಷದ ಮಗುವಿನ ಬೆನ್ನಿಗೂ ಚೀಲ, ಚೀಲದಲ್ಲಿ ನಾಲ್ಕು ಗೆರೆಯ ವಹಿ, ವಹಿಯಲ್ಲಿ ಒಂದೇ ಅಕ್ಷರ ಐವತ್ತು ಸಲ. ಪಾಲಕರಿಗೆ ಅದು ಕಣ್ಣಿಗೆ ಕಾಣುವ ವಿದ್ಯೆ. ಸಾಲ ಮಾಡಿ ಶುಲ್ಕ ಕಟ್ಟಿದವರಿಗೆ ಕಾಣುವಂಥದೇ ಏನಾದರೂ ಬೇಕಲ್ಲವೆ? ಅವರನ್ನು ಆಕ್ಷೇಪಿಸಿ ಪ್ರಯೋಜನವಿಲ್ಲ.

ಆದರೆ ಆ ಕೈಯನ್ನೊಮ್ಮೆ ನೋಡಬೇಕು. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳಿವೆ. ಹುಟ್ಟಿದ ಕೂಸಿನಲ್ಲಿ ಅವು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ಮೂರು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಮೂರು ಗಟ್ಟಿಯಾಗತೊಡಗಿರುತ್ತವೆ. ಕೊನೆಯದರ ಸರದಿ ಬರುವುದು ಮಗು ನಾಲ್ಕನೆಯ ಇಯತ್ತೆಗೋ ಐದನೆಯದಕ್ಕೋ ಬಂದಾಗ. ಅಂದರೆ ಕೈ ಇನ್ನೂ ತಯಾರಾಗುತ್ತಿದೆ. ಪೆನ್ಸಿಲನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಹದವಾಗಿ ಹಿಡಿಯುವ ಬಲ ಪೆನ್ಸಿಲಿನಿಂದಲೇ ಬರಬೇಕೆಂದಿಲ್ಲ. ಮಣ್ಣು ನಾದುವುದು, ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವುದು, ದಾರಕ್ಕೆ ಹೂ ಪೋಣಿಸುವುದು, ಚೊಂಬಿನಿಂದ ಲೋಟಕ್ಕೆ ಚೆಲ್ಲದಂತೆ ನೀರು ಸುರಿಯುವುದು ಇವೆಲ್ಲ ಬರವಣಿಗೆಗೆ ಮೊದಲಿನ ಬರವಣಿಗೆ. (ಕಾಳು ಕೊಟ್ಟಾಗ ದೊಡ್ಡವರೊಬ್ಬರು ಹತ್ತಿರ ಇರಲೇಬೇಕು. ಮೂಗಿಗೆ, ಕಿವಿಗೆ ತುರುಕಿಕೊಳ್ಳುವುದು ಈ ವಯಸ್ಸಿನ ಇನ್ನೊಂದು ಆಟ.)

ಲೆಕ್ಕದ ಮಾತೂ ಹಾಗೆಯೇ. ಚೌಕಾಬಾರದ ಮನೆ ಬರೆದು ನಾಲ್ಕು ಕವಡೆ ಎಸೆದಾಗ ಎಷ್ಟು ಅಂಗಾತ, ಎಷ್ಟು ಬೋರಲು ಎಂಬುದನ್ನು ಆಡುವ ಮಗು ಎಣಿಸುವುದಿಲ್ಲ, ನೋಡಿದೊಡನೆ ಹೇಳುತ್ತದೆ. ಕವಡೆ ಇಲ್ಲದಿದ್ದರೆ ಒಡೆದ ಹುಣಸೆಬೀಜ ಸಾಕು. ಒಂದರಿಂದ ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ ‘ಏಳು ಕಲ್ಲು ತಾ’ ಎಂದರೆ ಒಂಬತ್ತು ತರುವುದುಂಟು. ಮಣ್ಣಿನ ಎತ್ತು ಮಾಡಿದ ಮಗುವಿಗೆ ಒಂದು ಜೋಡಿಗೆ ಎಂಟು ಕಾಲು ಬೇಕೆಂಬುದು ಗೊತ್ತು. ಎರಡಕ್ಕೂ ವ್ಯತ್ಯಾಸವಿದೆ.

ಆಟದ ಶಾಲೆ ದುಡ್ಡಿದ್ದವರ ಶೋಕಿ ಎಂಬ ಇನ್ನೊಂದು ತಪ್ಪು ಕಲ್ಪನೆಯುಂಟು. ನಗರಗಳಲ್ಲಿ ‘ಮಾಂಟೆಸ್ಸರಿ’ ಎಂಬ ಫಲಕ ಕಂಡರೆ ಶುಲ್ಕದ ಅಂದಾಜಿಗೆ ಎದೆ ಝಲ್ಲೆನ್ನುತ್ತದೆ. ಆದರೆ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ತಂದೆತಾಯಿ ಕೂಲಿಗೆ ಹೋದಾಗ ಹಗಲಿಡೀ ಓಣಿಯಲ್ಲಿ ಅಲೆಯುತ್ತಿದ್ದ ಮಕ್ಕಳು ಅವರು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ ಆ ವಿಚಾರಗಳಿಂದ ಪ್ರೇರಿತರಾಗಿ 1920ರಲ್ಲಿ ಬಾಲಮಂದಿರ ಕಟ್ಟಿದರು. ಮಕ್ಕಳನ್ನು ಅವರು ಹಚ್ಚಿಕೊಂಡ ಬಗೆ ಕಂಡು ಜನ ಅವರನ್ನು ‘ಮೀಸೆಯ ತಾಯಿ’ ಎಂದೇ ಕರೆದರು.

ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಅನುತಾಯಿ ವಾಘ್ ಅವರೊಡನೆ ಆದಿವಾಸಿ ಮಕ್ಕಳಿಗೆ ಶಾಲೆ ನಡೆಸುವಾಗ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಪರದೇಶದ ದುಬಾರಿ ಸಾಮಾನುಗಳ ಬದಲು ಕಡ್ಡಿ, ಎಲೆ, ಬೀಜ, ಹರಳು ಬಳಸಿದರು. ‘ಅಂಗನವಾಡಿ’ ಎಂಬ ಹೆಸರಿನ ಹಿಂದೆ ಆ ಅಂಗಳವಿದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಹಬ್ಬಿದ ಅಂಗನವಾಡಿ ಈಗ ಹಳ್ಳಿಹಳ್ಳಿಯಲ್ಲಿದೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮುಂತಾದ ಆರು ಸೇವೆಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣವೂ ಒಂದು. ಒಂದು ಮಾತ್ರ. ತೂಕ ಮಾಡಿ, ದಾಖಲೆ ತುಂಬಿ, ಸಮೀಕ್ಷೆಗೆ ತಿರುಗಿ ಬಂದ ಕಾರ್ಯಕರ್ತೆಗೆ ಆಟ ಆಡಿಸುವ ಹುಮ್ಮಸ್ಸು ಎಲ್ಲಿ ಉಳಿದೀತು? ಅವಳನ್ನು ದೂರುವ ಮೊದಲು ಅವಳ ರಿಜಿಸ್ಟರುಗಳ ಗಂಟನ್ನೊಮ್ಮೆ ಎತ್ತಿ ನೋಡುವುದು ಒಳ್ಳೆಯದು.

ಆಟದಿಂದ ಅಕ್ಷರ ಹತ್ತುತ್ತದೆಯೆ ಎಂಬ ಪ್ರಶ್ನೆಗೆ ಕರ್ನಾಟಕದ್ದೇ ಒಂದು ಉತ್ತರವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳ ಪ್ರಯೋಗದಿಂದ ಸ್ಫೂರ್ತಿ ಪಡೆದು, ಯುನಿಸೆಫ್ ನೆರವಿನಿಂದ ಆರಂಭಿಸಿದ್ದು ‘ನಲಿಕಲಿ’. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಸಾಲುಬೆಂಚಿಲ್ಲ, ಮಕ್ಕಳು ಗುಂಪುಗುಂಪಾಗಿ ಸುತ್ತ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ, ಟ್ರೇಗಳಲ್ಲಿ ಚಿತ್ರವಿರುವ ಕಾರ್ಡುಗಳು, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಕಪ್ಪು ಹಲಗೆ, ತಲೆಯ ಮೇಲೆ ಅವರದೇ ಚಿತ್ರಗಳು ತೂಗುವ ಚಪ್ಪರ. ಒಂದು ಮೆಟ್ಟಿಲು ಮುಗಿದ ಮಗು ಮುಂದಿನದಕ್ಕೆ ಹೋಗುತ್ತದೆ. ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡ ಮಗು, ಕುರಿ ಹಿಂಡಿನ ಹಿಂದೆ ಹೋಗಿ ಬಂದ ಮಗು, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರಬಹುದು.

ಇದರಲ್ಲಿ ಬಹಳ ಜಾಣತನದ್ದು ಅಕ್ಷರಗಳ ಕ್ರಮ. ಅ, ಆ, ಇ, ಈ ಎಂದು ವರ್ಣಮಾಲೆಯ ತುದಿಯಿಂದ ಹೊರಡುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಹಾವೇರಿ ಜಿಲ್ಲೆಯ ಮಗುವಿಗಂತೂ ಇನ್ನೊಂದು ಲಾಭ: ಬಸ್ಸಿನ ಫಲಕದ ಮೇಲಿನ ‘ಗದಗ’ವನ್ನು ಅದು ಓದಿಬಿಡುತ್ತದೆ! ವರ್ಣಮಾಲೆಯ 49 ಮುಗಿಯುವವರೆಗೆ ಕಾಯುವ ಮಗುವಿಗೆ ಈ ಸಂಭ್ರಮ ಎಂದು ಸಿಗಬೇಕು?

ನಲಿಕಲಿಯಲ್ಲಿ ಕೊರತೆಯಿಲ್ಲವೆಂದಲ್ಲ. ಮೂರು ತರಗತಿಗೆ ಒಬ್ಬರೇ ಗುರುಗಳು, ಹರಿದ ಕಾರ್ಡಿಗೆ ಬದಲಿ ಇಲ್ಲ ಎಂಬ ಸ್ಥಿತಿಯಲ್ಲಿ ಏಣಿಯೂ ಇನ್ನೊಂದು ಪಠ್ಯಪುಸ್ತಕವಾಗಿಬಿಡುತ್ತದೆ. ನಾಲ್ಕನೆಯ ತರಗತಿಯಲ್ಲಿ ದಿಢೀರನೆ ಪುಸ್ತಕ ಎದುರಾದಾಗ ಕೆಲವು ಮಕ್ಕಳು ತಬ್ಬಿಬ್ಬಾಗುವುದೂ ನಿಜ. ಆದರೆ ಈ ದೋಷಗಳ ಮದ್ದು ಮೂರು ವರ್ಷದ ಕೈಗೆ ವಹಿ ಕೊಡುವುದಲ್ಲ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಆರು ವರ್ಷದೊಳಗಿನವರಿಗೆ ಪಠ್ಯಪುಸ್ತಕ ಬೇಡವೆಂದಿದೆ.

ಇನ್ನು ಮನೆಯಲ್ಲಿರುವ ಅಕ್ಕ, ಅಣ್ಣಂದಿರ ವಿಷಯ. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಕೊಯ್ಯುವ ಕಾಲ ಬಂತೆಂದರೆ ಅವ್ವ ಹೊಲಕ್ಕೆ, ಕೂಸು ಅಕ್ಕನ ಕಂಕುಳಿಗೆ, ಅಕ್ಕನ ಶಾಲೆಗೆ ಚಕ್ಕರ್. ತಂಗಿ ನಗುನಗುತ್ತಾ ಅಂಗನವಾಡಿಯಲ್ಲಿ ಕೂತರೆ ಅಕ್ಕ ಏಳನೆಯ ತರಗತಿಯಲ್ಲಿ ಕೂರಬಲ್ಲಳು. ತಂಗಿಗೆ ಅಲ್ಲಿ ಆಟವಿಲ್ಲದಿದ್ದರೆ ಅವಳು ಅಳುತ್ತಾಳೆ, ಇಬ್ಬರೂ ಮನೆಯಲ್ಲಿ ಉಳಿಯುತ್ತಾರೆ.

ಸಂಜೆ ಮಗು ಮನೆಗೆ ಬಂದಾಗ ‘ಇವತ್ತ ಏನ ಬರದಿ?’ ಎಂದು ಕೇಳುವ ಬದಲು ‘ಏನ ಮಾಡಿದಿ?’ ಎಂದು ಕೇಳಿ ನೋಡಬಹುದು. ಉತ್ತರ ಉದ್ದವಾಗಿರುತ್ತದೆ, ಅರ್ಧದಷ್ಟು ಸುಳ್ಳೂ ಇರಬಹುದು. ಪೂರ್ತಿ ಕೇಳಿಸಿಕೊಳ್ಳಬೇಕು. ಹಬ್ಬದ ಮರುದಿನ ಕುಂಟೆತ್ತು ಹಿಡಿದು ಮಕ್ಕಳು ಮನೆಮನೆಗೆ ಬಂದಾಗ ಕಾಳು ನೀಡುವ ಮುನ್ನ, ಎಷ್ಟು ಮನೆಯಾಯಿತು, ಎಷ್ಟು ಸೇರು ಕೂಡಿತು ಎಂದೂ ಕೇಳಬಹುದು. ಲೆಕ್ಕ ಅವರ ಬಳಿ ಇರುತ್ತದೆ.