ಫ್ರಿಜ್ ಹಿಂದಿನ ಟ್ರೇ ಯಾವಾಗ ತೊಳೆದಿರಿ?

ಬೆಳಗ್ಗೆ ಹನ್ನೊಂದು ಗಂಟೆ. ಕುಕ್ಕರ್ ಎರಡನೇ ಸೀಟಿ ಹಾಕಿದೆ. ಅಷ್ಟರಲ್ಲಿ ಕಾಲಿಂಗ್ ಬೆಲ್! ಬಾಗಿಲು ತೆಗೆದರೆ ಟಾರ್ಚು, ರಿಜಿಸ್ಟರು ಹಿಡಿದ ಆಶಾ ಕಾರ್ಯಕರ್ತೆ. 'ಮೇಡಂ, ನೀರು ತುಂಬಿಟ್ಟಿರೋ ಡ್ರಮ್ ನೋಡ್ಬೇಕಿತ್ತು.' 'ನಮ್ಮನೇಲಿ ಸೊಳ್ಳೇನೇ ಇಲ್ಲಮ್ಮಾ' ಎಂದು ಅರ್ಧ ಬಾಗಿಲಲ್ಲೇ ಸಾಗಹಾಕ್ತೀರಿ ಅಲ್ವಾ? ಮುಚ್ಚುಮರೆ ಯಾಕೆ, ನಾನೂ ಅದನ್ನೇ ಮಾಡುತ್ತಿದ್ದೆ.

ಆದರೆ ಆಕೆ ಹುಡುಕುವುದು ಸೊಳ್ಳೆಯನ್ನಲ್ಲ, ನೀರಿನಲ್ಲಿ ಮೇಲೆ ಕೆಳಗೆ ಕುಣಿಯುವ ಅದರ ಮರಿಹುಳುವನ್ನು, ಅಂದರೆ ಲಾರ್ವಾವನ್ನು. ನೂರು ಮನೆ ನೋಡಿದರೆ ಎಷ್ಟು ಮನೆಯಲ್ಲಿ ಅದು ಸಿಕ್ಕಿತು ಎಂಬ ಲೆಕ್ಕವೇ ಆರೋಗ್ಯ ಇಲಾಖೆಗೆ ಡೆಂಗಿಯ ಮುನ್ಸೂಚನೆ. ಲೆಕ್ಕ ಏರಿದ ಬಡಾವಣೆಯಲ್ಲಿ ಜ್ವರ ಹಬ್ಬುವ ಮೊದಲೇ ಕೆಲಸ ಶುರುಮಾಡಬಹುದು. ನೀವು ಬಾಗಿಲು ಹಾಕಿಕೊಂಡರೆ ಆ ಲೆಕ್ಕದಲ್ಲಿ ನಿಮ್ಮ ಮನೆ ಬೀಗ ಹಾಕಿದ ಮನೆಯಿದ್ದಂತೆ.

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಚರಂಡಿಯ ಸೊಳ್ಳೆಯಲ್ಲ. ಕಾಲಿನ ಮೇಲೆ ಬಿಳಿ ಪಟ್ಟೆಯಿರುವ ಇದು ಕಚ್ಚುವುದು ಹಗಲಲ್ಲಿ, ಮೊಟ್ಟೆಯಿಡುವುದು ನಾವು ಜೋಪಾನವಾಗಿಟ್ಟ ತಿಳಿನೀರಲ್ಲಿ. ಮನಿಪ್ಲಾಂಟ್ ಬಾಟಲಿ, ಹೂಕುಂಡದ ಕೆಳಗಿನ ತಟ್ಟೆ, ತಾರಸಿಯ ಮೇಲೆ ಬಿಸಾಕಿದ ಎಳನೀರು ಬುರುಡೆ, ನಲ್ಲಿ ದಿನಾ ಬರೋಲ್ಲ ಅಂತ ತುಂಬಿಸಿಟ್ಟ ಡ್ರಮ್ಮು, ಎಲ್ಲವೂ ಅದಕ್ಕೆ ತವರುಮನೆಯೇ. ಫ್ರಿಜ್ ಹಿಂದೆ ನೀರು ತೊಟ್ಟಿಕ್ಕುವ ಟ್ರೇ ಒಂದಿದೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ!

ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಸಾಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಎಲ್ಲವನ್ನೂ ಖಾಲಿ ಮಾಡಿ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ತೆಂಗಿನ ನಾರಿನಿಂದ ಗಸಗಸ ಉಜ್ಜಿ ತೊಳೆದು, ಬಿಗಿಯಾಗಿ ಮುಚ್ಚಿಡಿ. ಬೀದಿಯಲ್ಲಿ ಹೊಗೆ ಹೊಡೆದು ಹೋದರೆಂದು ನಿಶ್ಚಿಂತರಾಗಬೇಡಿ, ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ಅಂದಹಾಗೆ, 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು.

ಮನೇಲಿ ಯಾರಿಗಾದರೂ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂತೇ? ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಬ್ರೂಫೆನ್ ಕೊಡಲೇಬೇಡಿ, ರಕ್ತಸ್ರಾವದ ಅಪಾಯವಿದೆ. ಮೊದಲ ಐದು ದಿನದೊಳಗೆ ಎನ್‌ಎಸ್1 ಪರೀಕ್ಷೆಯಲ್ಲಿ ಡೆಂಗಿ ಪತ್ತೆಯಾಗುತ್ತದೆ. ಲ್ಯಾಬಿನಲ್ಲಿ ವಿಳಾಸ, ಫೋನ್ ನಂಬರು ಸರಿಯಾಗಿ ಬರೆಸಿ. ಪಾಸಿಟಿವ್ ಬಂದರೆ ಆ ವಿಳಾಸ ಹಿಡಿದೇ ಇಲಾಖೆಯವರು ಸುತ್ತಲ ಮನೆಗಳಲ್ಲಿ ಲಾರ್ವಾ ಹುಡುಕುವುದು. 'ಅಕ್ಕಪಕ್ಕದವರು ಏನಂದುಕೊಂಡಾರು' ಎಂದು ಮುಚ್ಚಿಟ್ಟರೆ ಮುಂದಿನ ಸರದಿ ಅವರ ಮಗುವಿನದೇ ಆಗಬಹುದು.

ಇನ್ನೊಂದು ಮಾತು. ಜ್ವರ ಬಿಟ್ಟ ದಿನವೇ 'ಸದ್ಯ, ವಾಸಿಯಾಯ್ತು' ಎಂದು ಮಗುವನ್ನು ಸ್ಕೂಲಿಗೆ ಹೊರಡಿಸುವ ಆತುರ ಬೇಡ. ಡೆಂಗಿಯಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಜ್ವರ ಇಳಿದ ಮೇಲಿನ ಒಂದೆರಡು ದಿನ. ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಏಳಲಾಗದ ಸುಸ್ತು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಜ್ವರ ಇರುವಷ್ಟು ದಿನ ಹಗಲಲ್ಲೂ ಮಗುವನ್ನು ಸೊಳ್ಳೆಪರದೆಯೊಳಗೇ ಮಲಗಿಸಿ. ಅದನ್ನು ಕಚ್ಚಿದ ಸೊಳ್ಳೆ ಮುಂದೆ ನಿಮ್ಮನ್ನೂ ಕಚ್ಚೀತು.