ಬೇರು ಅರಸುವ ಸ್ಕಾಟರು: ಡಿ.ಎನ್.ಎ. ಏನು ಹೇಳಬಲ್ಲದು?

ಊರು ಬಿಟ್ಟು ಬಂದವರಿಗೆ ಹುಟ್ಟೂರಿನ ಹೆಸರೇ ಒಂದು ಆಸ್ತಿ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹೆಸರೇ ಮರೆತುಹೋದರೆ ಗತಿಯೇನು? ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವ ಅಸಂಖ್ಯ ಸ್ಕಾಟಿಷ್ ಸಂತತಿಯವರ ಪಾಡು ಇದೇ ಆಗಿದೆ.

1773ರಲ್ಲಿ 'ಹೆಕ್ಟರ್' ಎಂಬ ಹಡಗು ಇನ್ನೂರರ ಸಮೀಪ ಜನರನ್ನು ಹೊತ್ತು ಸ್ಕಾಟ್ಲೆಂಡಿನಿಂದ ನೋವಾ ಸ್ಕೋಷಿಯಾದ ಪಿಕ್ಟೋ ಬಂದರಿಗೆ ಸಾಗಿತು. ಸಿಡುಬು, ಆಮಶಂಕೆಗಳಿಂದ ಹಲವು ಮಕ್ಕಳು ದಾರಿಯಲ್ಲೇ ಅಸುನೀಗಿದರು. ಮುಂದೆ ಕುರಿಸಾಕಣೆಯ ಲಾಭಕ್ಕಾಗಿ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿದರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳಿಗೆ ಬೆಂಕಿಯಿಟ್ಟುದೂ ಉಂಟು. ಸ್ಕಾಟ್ಲೆಂಡಿನಲ್ಲಿ ಜನನ ಮರಣಗಳ ಕಡ್ಡಾಯ ನೋಂದಣಿ ಆರಂಭವಾದುದು 1855ರಲ್ಲಿ. ಅದಕ್ಕೂ ಹಿಂದಿನ ಕಾಲಕ್ಕೆ ಬಹುಮಟ್ಟಿಗೆ ಇಗರ್ಜಿಗಳ ಅಪೂರ್ಣ ಪುಸ್ತಕಗಳೇ ಆಧಾರ. ಕಾಗದ ಮುಗಿದಲ್ಲಿ ಈಗ ಡಿ.ಎನ್.ಎ. ಪರೀಕ್ಷೆ ನೆರವಿಗೆ ಬಂದಿದೆ.

ಮೂರು ಬಗೆಯ ಪರೀಕ್ಷೆ

ಜೊಲ್ಲು ಅಥವಾ ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿ ಇದಕ್ಕೆ ಸಾಕು. 'ವೈ' ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚು ಮಾರ್ಪಡದೆ ಇಳಿಯುತ್ತದೆ, ನಮ್ಮಲ್ಲಿ ಗೋತ್ರ ಇಳಿದು ಬರುವಂತೆ. ಹೆಣ್ಣುಮಕ್ಕಳಲ್ಲಿ ಇದು ಇಲ್ಲದ ಕಾರಣ ಅವರು ತಮ್ಮ ಸಹೋದರನನ್ನೋ ಚಿಕ್ಕಪ್ಪನನ್ನೋ ಪರೀಕ್ಷೆಗೆ ಒಪ್ಪಿಸಬೇಕಾಗುತ್ತದೆ. ಎರಡನೆಯದು, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿ.ಎನ್.ಎ. ಮೂರನೆಯದು ತಂದೆತಾಯಿಗಳಿಬ್ಬರಿಂದಲೂ ಅರ್ಧರ್ಧ ಬರುವಂಥದು. ಇದು ತಲೆಮಾರಿಗೊಮ್ಮೆ ಅರ್ಧವಾಗುತ್ತ ಹೋಗಿ, ಐದನೆಯ ತಲೆಮಾರಿನ ಹಿರಿಯನೊಬ್ಬನಿಂದ ಸರಾಸರಿ 32ರಲ್ಲಿ ಒಂದು ಪಾಲು ಮಾತ್ರ ನಮಗೆ ದೊರೆಯುತ್ತದೆ. 'ಹೆಕ್ಟರ್' ಏರಿದವರ ಕಾಲಕ್ಕೆ ಹೋದರೆ ಕೆಲವು ಪೂರ್ವಜರ ಅಂಶ ನಮ್ಮಲ್ಲಿ ಲವಲೇಶವೂ ಉಳಿದಿರಲಾರದು.

ಹೆಸರು ಮತ್ತು ರಕ್ತ

ಮೆಕ್‌ಗ್ರೆಗರ್ ಕುಲದ ಕಥೆ ಇಲ್ಲಿ ಉದಾಹರಣೀಯ. 1603ರಲ್ಲಿ ಅರಸನ ಆಜ್ಞೆಯಿಂದ ಆ ಹೆಸರೇ ನಿಷಿದ್ಧವಾಯಿತು. ನಡುವೆ ಕೆಲಕಾಲ ಸಡಿಲಗೊಂಡರೂ ನಿಷೇಧ ಪೂರ್ಣವಾಗಿ ತೊಲಗಿದ್ದು 1774ರಲ್ಲಿ. ಅಷ್ಟರಲ್ಲಿ ಹಲವರು ಕ್ಯಾಂಬೆಲ್, ಮರೆ, ಗ್ರಾಂಟ್ ಮುಂತಾದ ಹೆಸರುಗಳನ್ನು ಧರಿಸಿದ್ದರು. ಅಂಥವರ ಸಂತತಿಯವನೊಬ್ಬನ 'ವೈ' ಫಲಿತಾಂಶ ಮೆಕ್‌ಗ್ರೆಗರರದರೊಡನೆ ಹೊಂದಿದರೆ ಕಳೆದುಹೋದ ಕೊಂಡಿ ಸಿಕ್ಕಂತೆ. ಇದಕ್ಕೆ ವ್ಯತಿರಿಕ್ತವಾದುದೂ ಉಂಟು: ಒಕ್ಕಲುಗಳು ನಾಯಕನ ಹೆಸರನ್ನೇ ಇಟ್ಟುಕೊಂಡುದರಿಂದ, ಒಂದೇ ಹೆಸರಿನವರೆಲ್ಲ ಒಂದೇ ರಕ್ತದವರಲ್ಲ.

ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಮಗೆ ಒಂದು ಪಾಠ ಗೊತ್ತು. ನಮ್ಮ ಪುಸ್ತಕವೊಂದೇ ಸಾಲದು. ಎದುರು ಪಕ್ಷದ ಪುಸ್ತಕದೊಡನೆ ತಾಳೆಯಾಗಬೇಕು. ಪರೀಕ್ಷೆಯೂ ಹಾಗೆಯೇ. ಅದು ಇಬ್ಬರು ಬಂಧುಗಳೆಂದು ಹೇಳೀತೇ ಹೊರತು ಹಳ್ಳಿಯ ಹೆಸರನ್ನು ತಾನಾಗಿ ಹೇಳಲಾರದು. ಸ್ಕಾಟ್ಲೆಂಡಿನಲ್ಲಿ ತನ್ನ ಊರು ಮನೆತನಗಳನ್ನು ಬಲ್ಲ ಒಬ್ಬನು ಪರೀಕ್ಷೆ ಮಾಡಿಸಿಕೊಂಡಿದ್ದು, ಅವನೊಡನೆ ಹೋಲಿಕೆ ಕಂಡಾಗಲೇ ಹುಡುಕಾಟಕ್ಕೆ ದಾರಿ. 'ಶೇಕಡಾ ಇಷ್ಟು ಸ್ಕಾಟಿಷ್' ಎಂಬ ವರದಿ ಕೇವಲ ಅಂದಾಜು. ಹೋಲಿಕೆಯ ಮಾದರಿಗಳು ಬದಲಾದಂತೆ ಅದೂ ಬದಲಾಗುತ್ತದೆ.

ಎಚ್ಚರಿಕೆ

ತಂದೆಯೆಂದು ನಂಬಿದವರು ಜನ್ಮದಾತರಲ್ಲವೆಂಬ ಸತ್ಯವೂ ಈ ಪರೀಕ್ಷೆಯಲ್ಲಿ ಹೊರಬೀಳಬಹುದು. ಅದನ್ನು ಸಹಿಸುವ ಮನಸ್ಸಿದೆಯೇ ಎಂದು ಮೊದಲೇ ಯೋಚಿಸಬೇಕು. ಕೆಲವು ಸಂಸ್ಥೆಗಳು ರೋಗದ ಸಂಭವವನ್ನೂ ತಿಳಿಸುತ್ತವೆ; ಅದು ರೋಗನಿರ್ಣಯವಲ್ಲ, ವೈದ್ಯರ ಸಲಹೆ ಪಡೆಯದೆ ಗಾಬರಿಗೊಳ್ಳಲಾಗದು. ಗೋಪ್ಯತೆಯ ಪ್ರಶ್ನೆಯೂ ಇದೆ. '23ಆ್ಯಂಡ್‌ಮಿ' ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರಲ್ಲಿ ಅದೇ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಪಾಸ್‌ಬುಕ್ಕಿನ ಗುಟ್ಟು ಹೊರಬಿದ್ದರೆ ಖಾತೆ ಬದಲಿಸಬಹುದು. ರಕ್ತದ ಗುಟ್ಟಿಗೆ ಆ ಅನುಕೂಲವಿಲ್ಲ.

ಆದ್ದರಿಂದಲೇ ಅನುಭವಿಗಳು ಮೊದಲು ಮನೆಯ ಹಿರಿಯರನ್ನು ಕೇಳಿ, ಬಳಿಕ ಕಾಗದಪತ್ರ ನೋಡಿ, ಕೊನೆಗೆ ಪರೀಕ್ಷೆಗೆ ಹೋಗಿರೆನ್ನುತ್ತಾರೆ. ಸ್ಕಾಟರು ಇನ್ನೂರು ವರ್ಷಗಳ ತರುವಾಯ ಹಣ ತೆತ್ತು ಹುಡುಕುತ್ತಿರುವುದನ್ನು ನಮ್ಮ ಅಜ್ಜಿ ಒಂದು ಸಂಜೆ ಕುಳಿತು ಹೇಳಬಲ್ಲರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅವರ ಬಳಿ ಕುಳಿತು ಹೆಸರು, ಊರು, ಇಸವಿಗಳನ್ನು ಬರೆದಿಟ್ಟುಕೊಳ್ಳೋಣ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಆ ಪುಟ ಎಂದಾದರೂ ಬೇಕಾದೀತು.