ಕಬ್ಬಿಗರ ಹೊಸ ಕೈಪಿಡಿ

ಸೊರಬ ತಾಲೂಕಿನ ಆನವಟ್ಟಿಗೆ ಸಮೀಪದಲ್ಲಿರುವ ಕುಬಟೂರು ಇಂದು ಸಣ್ಣ ಹಳ್ಳಿ. ಸುಮಾರು 1100ರ ವೇಳೆಗೆ ಕಟ್ಟಿದ ಕೈಟಭೇಶ್ವರ ದೇವಾಲಯವು ಅದರ ಹಿಂದಿನ ಸಿರಿಯನ್ನು ಸಾರುತ್ತ ಇನ್ನೂ ನಿಂತಿದೆ. ಶಾಸನಗಳಲ್ಲಿ ಊರಿನ ಹೆಸರು ಕುಪ್ಪಟೂರು. ಸ್ಥಳಪುರಾಣವಾದರೋ ಇದೇ ಚಂದ್ರಹಾಸನ ಕಥೆಯ ಕುಂತಳನಗರವೆಂದು ಹೇಳುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೂ ಯಕ್ಷಗಾನದ ಬಯಲಾಟ ನೋಡಿದವರಿಗೂ ಆ ಕಥೆ ಗೊತ್ತು. ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಓಲೆ ಬರೆದು, ಅದನ್ನು ತಂದವನಿಗೆ ವಿಷವನ್ನು ಕೊಡಬೇಕೆಂದು ತಿಳಿಸಿದ. ಓಲೆ ಹೊತ್ತ ಚಂದ್ರಹಾಸ ಉಪವನದಲ್ಲಿ ನಿದ್ದೆಹೋಗಿದ್ದಾಗ ಮಂತ್ರಿಯ ಮಗಳು ಅದನ್ನು ಬಿಚ್ಚಿ ನೋಡಿದಳು. ತಂದೆ ಅಕ್ಷರ ತಪ್ಪಿರಬೇಕೆಂದು ಬಗೆದು ತಿದ್ದಿದಳು. ಅವಳ ಹೆಸರು ವಿಷಯೆ. ವಿಷಕ್ಕೂ ವಿಷಯೆಗೂ ನಡುವೆ ಇದ್ದ ಅಂತರ ಒಂದೇ ಅಕ್ಷರದ್ದು. ಸಾವು ಬರಬೇಕಾಗಿದ್ದ ಮನೆಗೆ ಮದುವೆ ಬಂದಿತು.

ಅಕ್ಷರದ ಬೆಲೆಯನ್ನು ಇಷ್ಟು ಚೆನ್ನಾಗಿ ಬಲ್ಲ ಈ ಸೀಮೆಯಲ್ಲಿ ಮಾತಿನ ವಿದ್ಯೆಗೆ ಹಳೆಯ ಮನ್ನಣೆಯುಂಟು. ನೆರೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬ ವಿದ್ಯಾಸ್ಥಾನವಿತ್ತು. ಅಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು 1162ರ ಶಾಸನವೊಂದು ವಿಸ್ತಾರವಾಗಿ ಬಣ್ಣಿಸಿದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ಅಲ್ಲಿ ವ್ಯಾಖ್ಯಾನ ನಡೆಯುತ್ತಿತ್ತು; ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲೇ ದೊರೆಯುತ್ತಿದ್ದುವು. ಹಸಿದವನಿಗೆ ಅನ್ನ, ಶಬ್ದದಲ್ಲಿ ಸಂದೇಹ ಬಂದವನಿಗೆ ಪರಿಹಾರ, ಎರಡೂ ಒಂದೇ ಜಗಲಿಯ ಮೇಲೆ! ಆದರೆ ಆ ಪರಿಹಾರ ಬೇಕಾದವನು ಬಳ್ಳಿಗಾವೆಯವರೆಗೆ ನಡೆದುಹೋಗಬೇಕಿತ್ತು.

ಮಠಕ್ಕೆ ಹೋಗಲಾಗದ ಕವಿಗೆ ನಿಘಂಟೇ ಗತಿ. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿ ರನ್ನಕಂದವಿದೆ, ನಾಗವರ್ಮನ ವಸ್ತುಕೋಶವಿದೆ, ಹದಿನಾರನೆಯ ಶತಮಾನದಲ್ಲಿ ಲಿಂಗಮಂತ್ರಿ ರಚಿಸಿದ ಕೋಶಕ್ಕಂತೂ 'ಕಬ್ಬಿಗರ ಕೈಪಿಡಿ' ಎಂದೇ ಹೆಸರು. ಇವೆಲ್ಲ ಪದ್ಯದಲ್ಲಿವೆ. ಓಲೆಗರಿಯ ಕಟ್ಟು ಎಲ್ಲರಿಗೂ ಸಿಗುವಂಥದಲ್ಲವಾದುದರಿಂದ ನಿಘಂಟನ್ನು ಬಾಯಿಪಾಠ ಮಾಡುವುದೇ ರೂಢಿ. ಕಂದ, ಷಟ್ಪದಿಗಳು ನಾಲಗೆಯ ಮೇಲೆ ನಿಲ್ಲುತ್ತವೆ. ನೆನಪೇ ಅಂದಿನ ಪುಸ್ತಕಾಲಯ.

ಅಚ್ಚು ಬಂದ ಮೇಲೆ ಕೋಶಗಳು ಬೆಳೆದುವು, ಜೊತೆಗೆ ತೂಕವೂ ಬೆಳೆಯಿತು. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು; ಅದರಲ್ಲಿ ಸುಮಾರು 70,000 ಪದಗಳು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲೂ ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲೂ ಮುಗಿದುವು. ಒಂಬತ್ತು ಸಾವಿರಕ್ಕೂ ಮೀರಿದ ಪುಟಗಳು! ಅದಕ್ಕಾಗಿ ದೀರ್ಘಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಸಂದೇಹಗಳಿಗೆ ಸಮಾಧಾನ ಹೇಳುತ್ತ ಮನೆಮಾತಾದರು. 2021ರಲ್ಲಿ, ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಂಟು ಸಂಪುಟಗಳನ್ನು ಕೊಂಡು ಇಡುವ ಅನುಕೂಲ, ಅವನ್ನು ಇಡುವಷ್ಟು ಕಪಾಟು, ಕುಬಟೂರಿನಂಥ ಊರಿನಲ್ಲಿ ಕುಳಿತು ಕಥೆ ಬರೆಯುವವನಿಗೆ ಎಲ್ಲಿಂದ ಬಂದೀತು?

ಈಗ ಆ ಕಪಾಟು ಅಂಗೈಯೊಳಕ್ಕೆ ಬಂದಿದೆ. ಕಿಟ್ಟೆಲ್ಲರು 1903ರಲ್ಲೇ ತೀರಿಕೊಂಡುದರಿಂದ ಅವರ ಕೋಶದ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಅದರ ಪುಟಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' 2016ರಿಂದ ಹಲವು ಭಾಷೆಗಳ ಕೋಶಗಳನ್ನು ಒಂದೆಡೆ ತೆರೆದಿಟ್ಟಿದೆ. ಕರ್ನಾಟಕ ಸರ್ಕಾರದ 'ಪದಕಣಜ'ದಲ್ಲಿ ಒಂದು ಪದವನ್ನು ಬರೆದರೆ ಹಲವು ನಿಘಂಟುಗಳ ಉತ್ತರ ಒಟ್ಟಿಗೆ ಬರುತ್ತದೆ. 'ವಚನ ಸಂಚಯ'ದ ಉಪಯೋಗ ಬೇರೆ ಬಗೆಯದು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಒಂದು ಶಬ್ದವನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ಅದು ಕ್ಷಣದಲ್ಲಿ ತೋರಿಸುತ್ತದೆ. ನಿಘಂಟು ಅರ್ಥವನ್ನು ಹೇಳೀತು. ಮಾತು ಹೇಗೆ ಬದುಕಿತ್ತೆಂಬುದನ್ನು ಪ್ರಯೋಗಗಳೇ ಹೇಳಬೇಕು.

ಇವೆಲ್ಲಕ್ಕಿಂತ ಮನಸ್ಸನ್ನು ಸೆಳೆಯುವುದು 'ಅಲರ್' ಎಂಬ ಕೋಶದ ವೃತ್ತಾಂತ. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕಗಳ ಕಾಲ ಪದಗಳನ್ನು ಕೂಡಿಹಾಕುತ್ತ ಕನ್ನಡ–ಇಂಗ್ಲಿಷ್ ಕೋಶವೊಂದನ್ನು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥವಿವರಣೆಗಳು. ಮಲಯಾಳಕ್ಕೆ 'ಓಲಂ' ಎಂಬ ಅಂತರ್ಜಾಲ ಕೋಶವನ್ನು ರೂಪಿಸಿದ್ದ ಕೈಲಾಶ್ ನಾಧ್ ಅವರ ನೆರವಿನಿಂದ ಇದು 2019ರಲ್ಲಿ ಲೋಕದ ಮುಂದೆ ಬಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಬಿಟ್ಟಿಯಾಗಿ ನೋಡಲು ಕೊಡುವುದು ಬೇರೆ, ಬಿಟ್ಟುಕೊಡುವುದು ಬೇರೆ. ಅಲರ್ ತನ್ನ ಭಂಡಾರವನ್ನೇ ಬಿಟ್ಟುಕೊಟ್ಟಿದೆ: ಮೂಲವನ್ನು ಹೆಸರಿಸಿ, ತಾವು ಬೆಳೆಸಿದುದನ್ನೂ ಹಾಗೆಯೇ ಹಂಚುವುದಾದರೆ, ಯಾರು ಬೇಕಾದರೂ ಅದನ್ನು ಕೊಂಡೊಯ್ದು ಮತ್ತೊಂದು ಸಾಧನವನ್ನು ಕಟ್ಟಬಹುದು. ಒಬ್ಬ ಮನುಷ್ಯನ ಆಯುಷ್ಯದ ಬಹುಭಾಗ ಸವೆದ ವಸ್ತುವನ್ನು ಹೀಗೆ ಧಾರೆಯೆರೆದುದು ಸಣ್ಣ ಮಾತಲ್ಲ.

ಸಾಧನ ಸಿಕ್ಕಿತೆಂದು ಕೆಲಸ ಮುಗಿಯುವುದಿಲ್ಲ. ಕನ್ನಡದ ಪದ ಒಂಟಿಯಾಗಿ ಓಡಾಡುವ ಪ್ರಾಣಿಯಲ್ಲ. ವಿಭಕ್ತಿ, ಪ್ರತ್ಯಯ, ಸಂಧಿಗಳ ಪರಿವಾರದೊಡನೆಯೇ ಅದರ ಸಂಚಾರ. 'ಬೆಟ್ಟದಾವರೆ'ಯನ್ನು ಬಿಡಿಸಿ 'ದಾವರೆ'ಯನ್ನು ಹುಡುಕಹೊರಟವನಿಗೆ ಏನೂ ಸಿಗದು. ಅಲ್ಲಿರುವುದು ತಾವರೆ ಎಂಬ ಅರಿವು ಹುಡುಕುವವನಲ್ಲೇ ಇರಬೇಕು. ಶಾಸನಗಳ ಮುಂದೆ ಈ ತೊಡಕು ಇಮ್ಮಡಿ. ಸೊರಬದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1904ರಷ್ಟು ಹಿಂದೆಯೇ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆ ಬಗೆಯ ಶಾಸನಗಳಲ್ಲಿ 'ಪಾಲ್' ಎಂದು ಕಂಡರೆ ಅದು ಹಾಲೋ ಪಾಲೋ ಎಂದು ನಿಘಂಟು ಎರಡನ್ನೂ ಮುಂದಿಟ್ಟು ಸುಮ್ಮನಾಗುತ್ತದೆ, ತೀರ್ಮಾನ ಓದುವವನದು. ವೀರಗಲ್ಲಿನ 'ತುಱು'ವಿನಲ್ಲಿ ಬರುವ ಱ, ದಾನವನ್ನು 'ಅೞಿದ'ವನನ್ನು ಶಪಿಸುವಲ್ಲಿ ಬರುವ ೞ ಇಂದಿನ ಬರವಣಿಗೆಯಿಂದ ಬಿಟ್ಟುಹೋಗಿವೆ. ೞಕಾರದ ಅೞಿ ಎಂದರೆ ಹಾಳಾಗು, ಳಕಾರದ ಅಳಿ ಎಂದರೆ ದುಂಬಿ. ಒಂದೇ ಅಕ್ಷರದಲ್ಲಿ ಬರೆದರೆ ಎರಡೂ ಕಲೆಸಿಹೋಗುತ್ತವೆ.

ಈ ೞಕಾರಕ್ಕೆ ಹೊಸ ಕಾಲದಲ್ಲಿ ಒದಗಿದ ಗತಿ ಇನ್ನೂ ವಿನೋದದ್ದು. ಜಗತ್ತಿನ ಎಲ್ಲ ಲಿಪಿಗಳಿಗೂ ಗಣಕಯಂತ್ರದಲ್ಲಿ ಸ್ಥಾನ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ತಪ್ಪಾಗಿ 'ಫ' ಎಂದು ಹೆಸರಿಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮ. ಆದುದರಿಂದ ತಪ್ಪು ತಪ್ಪೆಂಬ ಟಿಪ್ಪಣಿಯೊಡನೆ ಹಾಗೆಯೇ ಉಳಿದಿದೆ. ಕೇಶಿರಾಜ ಇದ್ದಿದ್ದರೆ ಏನೆನ್ನುತ್ತಿದ್ದನೋ! ಓಲೆಯನ್ನು ತಿದ್ದಿದ ವಿಷಯೆಗೆ ಇದ್ದ ಸ್ವಾತಂತ್ರ್ಯ ಇಲ್ಲಿ ಯಾರಿಗೂ ಇಲ್ಲ.

ಇದಕ್ಕಿಂತ ದೊಡ್ಡ ಚಿಂತೆ ಪುಸ್ತಕಕ್ಕೆ ಬರುವ ಮೊದಲೇ ಬಾಯಿಂದ ಜಾರುತ್ತಿರುವ ಮಾತುಗಳದು. ಅಡಿಕೆ ಸೀಮೆಯನ್ನೇ ನೋಡಬಹುದು. ಪಟ್ಟಣದವರಿಗೆ ರಾಶಿ ಎಂದರೆ ಗುಡ್ಡೆ, ಸರಕು ಎಂದರೆ ಸಾಮಾನು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬವು ಅಡಿಕೆಯ ದರ್ಜೆಗಳು, ಒಂದೊಂದಕ್ಕೂ ಒಂದೊಂದು ಧಾರಣೆ. ಮಳೆಯಲ್ಲಿ ಕೊಳೆರೋಗದಿಂದ ಕೊನೆಯನ್ನು ಕಾಯಲು ಕಟ್ಟುವ ಹೊದಿಕೆ ಕೊಟ್ಟೆ. ಮರವೇರಿ ಕೊನೆ ಇಳಿಸುವವನು ಕೊನೆಗೌಡ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸ ಚೊಗರು. ಸೊರಬ, ಸಾಗರಗಳ ಗುಡಿಗಾರರು ಗಂಧದ ಮರ ಕೆತ್ತುವ ಒಂದೊಂದು ಉಳಿಗೂ ಅವರದೇ ಹೆಸರಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ವೃತ್ತಿಪದಕೋಶಗಳನ್ನು ಹೊರತಂದು ಈ ದಿಕ್ಕಿನಲ್ಲಿ ಒಳ್ಳೆಯ ಕೆಲಸ ಮಾಡಿದೆ. ಆದರೆ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ ಕೊಟ್ಟ ಮನೆಯಲ್ಲಿ ಹಂಡೆ ಒಲೆಯ ಮೇಲೆ ಏರುವುದಿಲ್ಲ. ಹಂಡೆ ಏರದ ಮನೆಯ ಮಕ್ಕಳ ಕಿವಿಗೆ ಚೊಗರು ಎಂಬ ಮಾತು ಬೀಳುವುದೂ ಇಲ್ಲ. ಮುಂದೊಂದು ದಿನ ಆ ಮಕ್ಕಳಲ್ಲೊಬ್ಬರು ಅಜ್ಜನ ಮನೆಯ ಕಥೆ ಬರೆಯಹೊರಟಾಗ, ಗೊತ್ತಿಲ್ಲದ ಪದವನ್ನು ಯಾವ ಕೋಶದಲ್ಲಿ ತಾನೇ ಹುಡುಕಿಯಾರು?

ಇದಕ್ಕೆ ಮನೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸವೊಂದುಂಟು. ಕನ್ನಡ ವಿಕ್ಷನರಿ ಎಂಬ ಮುಕ್ತ ಕೋಶಕ್ಕೆ ಯಾರು ಬೇಕಾದರೂ ಪದ ಸೇರಿಸಬಹುದು. ಪಾಂಡಿತ್ಯದ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಅಜ್ಜಿಯೋ ಅಜ್ಜನೋ ಎದುರಿಗಿದ್ದರೆ ಇನ್ನೂ ಸುಲಭ: ಪದ, ಅದರ ಅರ್ಥ, ಅದನ್ನಾಡುವ ಊರು, ಅವರ ಬಾಯಿಂದಲೇ ಬಂದ ಒಂದು ವಾಕ್ಯ. ಮೊದಲು ನೋಟುಪುಸ್ತಕದಲ್ಲಿ ಬರೆದುಕೊಂಡರೂ ಆದೀತು. ಕೋಶಕ್ಕೆ ಸೇರಿಸುವುದನ್ನು ಮನೆಯ ಹುಡುಗರು ಸಂಜೆ ಮಾಡಿಯಾರು.